ಬಾಯಿಗೇ ಬೀಗ ಹಾಕುವ ‘ಜೋಡಿ ಪ್ಯಾಕೆಟ್’!

ಬಸ್ ಸ್ಟ್ಯಾಂಡಿನ ಯಾವ ಗೂಡಂಗಡಿಯ ಮುಂದೆ ಬೇಕಾದರೂ ನಿಂತು ನೋಡಿ. ಬಣ್ಣಬಣ್ಣದ ಪ್ಯಾಕೆಟ್ಟುಗಳ ತೋರಣ! ಗಿರಾಕಿ ಬಂದ. ಹೆಸರು ಹೇಳುವ ಗೋಜಿಲ್ಲ, ಎರಡು ಬೆರಳು ತೋರಿಸಿದರೆ ಸಾಕು. ಒಂದು ಪಾನ್ ಮಸಾಲಾ, ಒಂದು ತಂಬಾಕು. ಎರಡನ್ನೂ ಹರಿದು, ಒಂದಕ್ಕೊಂದು ಸುರಿದು, ಕುಲುಕಿ ಬಾಯಿಗೆ ಹಾಕಿಕೊಂಡು ಬಸ್ ಹತ್ತಿದ. ಆಯ್ತಲ್ಲ ಗುಟ್ಕಾ!

ಗುಟ್ಕಾ ನಿಷೇಧ ಆಗಿಲ್ವೇ ಅಂತೀರಾ? ಆಗಿದೆ ಸ್ವಾಮಿ, 2013ರಲ್ಲೇ. ತಿನ್ನುವ ಪದಾರ್ಥದಲ್ಲಿ ತಂಬಾಕು ಬೆರೆಸಕೂಡದು ಎಂಬ ನಿಯಮ ಹಿಡಿದು ರಾಜ್ಯ ಸರ್ಕಾರ ಅದನ್ನು ನಿಲ್ಲಿಸಿತು. ಸರ್ಕಾರ ಚಾಪೆ ಕೆಳಗೆ ತೂರಿದರೆ ತಯಾರಕರು ರಂಗೋಲಿ ಕೆಳಗೆ ತೂರಿದರು. ಒಂದಿದ್ದ ಪ್ಯಾಕೆಟ್ ಎರಡಾಯಿತು. ಬೆರೆಸುವ ಕೆಲಸ ಮಾತ್ರ ಗಿರಾಕಿಯ ಕೈಗೆ ಬಂತು!

ಬಾಯೊಳಗೆ ಆಗುವುದೇನು?

ಅಡಿಕೆಯಲ್ಲಿ ಅರೆಕೋಲಿನ್ ಎಂಬ ಸತ್ವವಿದೆ. ಮೈ ಬೆಚ್ಚಗಾಗುವುದು, ನಿದ್ದೆ ಹಾರುವುದು, ಮತ್ತೆ ಬೇಕೆನಿಸುವುದು ಎಲ್ಲಾ ಅದರದೇ ಕೈವಾಡ. ರಾತ್ರಿ ಡ್ಯೂಟಿಯ ಡ್ರೈವರುಗಳು ಇದಕ್ಕೆ ಅಂಟಿಕೊಳ್ಳುವುದು ಸುಮ್ಮನೆ ಅಲ್ಲ. ಆದರೆ ದಿನವಿಡೀ ಕೆನ್ನೆಯಲ್ಲಿಟ್ಟುಕೊಂಡರೆ ಒಳಚರ್ಮದಡಿ ನಾರು ಬೆಳೆಯುತ್ತದೆ. ಮೊದಲು ಖಾರ ತಿಂದರೆ ಉರಿ. ಆಮೇಲೆ ಚರ್ಮ ಬಿಳಿಚಿಕೊಂಡು ಕೆನ್ನೆ ಗಟ್ಟಿಯಾಗುತ್ತದೆ. ಕಡೆಗೆ ರಾಗಿಮುದ್ದೆಯ ತುತ್ತಿಗೂ ಬಾಯಿ ತೆರೆಯದು!

ಕೀನ್ಯಾದಲ್ಲಿದ್ದ ಐವರು ಭಾರತೀಯ ಮಹಿಳೆಯರಲ್ಲಿ ಈ ಕಾಯಿಲೆಯನ್ನು 1952ರಲ್ಲೇ ವೈದ್ಯರು ಗುರುತಿಸಿ ಬರೆದಿದ್ದರು. ಅಂಥ ಕೆಲವರಲ್ಲಿ ಮುಂದೆ ಅದು ಕ್ಯಾನ್ಸರ್‌ಗೆ ತಿರುಗುತ್ತದೆ. ಚಟ ಬಿಟ್ಟರೆ ಕಾಯಿಲೆ ಮುಂದುವರಿಯುವುದು ತಗ್ಗುತ್ತದೆ. ಆದರೆ ಬೆಳೆದ ನಾರು ತಾನಾಗಿ ಕರಗುವುದು ಕಷ್ಟ.

ಅಜ್ಜಿ ಎಲೆಯಡಿಕೆ ಹಾಕಲಿಲ್ವೇ?

ಹಾಕಿದರು, ನಿಜ. ಊಟವಾದ ಮೇಲೆ ಒಂದು ಸಲ ಎಲೆಯಡಿಕೆ ಮೆಲ್ಲುವುದೇ ಬೇರೆ, ದಿನಕ್ಕೆ ಹತ್ತು ಹದಿನೈದು ಪ್ಯಾಕೆಟ್ ಸುರಿದುಕೊಳ್ಳುವುದೇ ಬೇರೆ. ಆದರೂ ತಂಬಾಕಿಲ್ಲದ್ದು ನಿರಪಾಯ ಅಂತ ಬೆನ್ನು ತಟ್ಟಿಕೊಳ್ಳುವ ಹಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಪಟ್ಟಿಗೆ ಸೇರಿಸಿತು. ಅಡಿಕೆ ಬೆಳೆಗಾರರು ಇದನ್ನು ಒಪ್ಪುವುದಿಲ್ಲ. ಶಿವಮೊಗ್ಗ, ಚನ್ನಗಿರಿ, ಶಿರಸಿ, ಪುತ್ತೂರಿನ ಕಡೆ ಸಾವಿರಾರು ಸಂಸಾರ ನಿಂತಿರುವುದೇ ತೋಟದ ಮೇಲೆ. ಅವರ ಆತಂಕವೂ ಸಣ್ಣದಲ್ಲ. ಆದರೆ ಬೆಳೆಯ ಕಷ್ಟಕ್ಕೆ ಬಾಯಿಯ ಹುಣ್ಣು ಉತ್ತರ ಆಗಲಾರದು.

ಅಂಗಡಿಯವರೇ, ಕೇಳಿ

‘ನಾವು ಮಾರದಿದ್ರೆ ಪಕ್ಕದವನು ಮಾರ್ತಾನೆ’ ಅನ್ನುವುದು ನಿಮ್ಮ ಮಾತು. ವ್ಯಾಪಾರ ನಡೆಯಬೇಕು, ಒಪ್ಪೋಣ. ಆದರೆ ರಾಜ್ಯದಲ್ಲಿ 2025ರಿಂದ 21 ವರ್ಷ ತುಂಬದವರಿಗೆ ತಂಬಾಕು ಮಾರುವುದು ಅಪರಾಧ. ಯೂನಿಫಾರಂ ಹಾಕಿದ ಹುಡುಗ ಎರಡು ಬೆರಳು ತೋರಿಸಿದಾಗ ‘ನಡಿಯಪ್ಪಾ ಮನೆಗೆ’ ಅನ್ನಲು ಬಂಡವಾಳ ಬೇಕಿಲ್ಲ. ಹದಿನಾರಕ್ಕೆ ಹತ್ತಿದ ಚಟ ಮೂವತ್ತಕ್ಕೆ ಬಾಯಿ ಕಟ್ಟುತ್ತದೆ.

ಮೂರು ಬೆರಳ ಪರೀಕ್ಷೆ

ಇಂದೇ ಕನ್ನಡಿ ಮುಂದೆ ನಿಲ್ಲಿ. ನಿಮ್ಮದೇ ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ಬರುವಂತೆ ಹಲ್ಲುಗಳ ನಡುವೆ ಇಡಿ. ಹೋದರೆ ಸರಿ. ಎರಡೇ ಹೋದರೆ ತಡ ಮಾಡಬೇಡಿ. ಬಾಯಲ್ಲಿ ಬಿಳಿ ಇಲ್ಲವೇ ಕೆಂಪು ಮಚ್ಚೆ ಕಂಡರೂ, ಎರಡು ವಾರಕ್ಕೂ ಮಾಯದ ಹುಣ್ಣಿದ್ದರೂ ಅಷ್ಟೇ. ಜಿಲ್ಲಾ ಆಸ್ಪತ್ರೆಯ ದಂತ ವೈದ್ಯರಿಗೆ ತೋರಿಸಿ. ಮೊದಲಿಗೇ ಸಿಕ್ಕರೆ ಬಾಯಿ ಕ್ಯಾನ್ಸರ್ ಗುಣಪಡಿಸಬಹುದು. ಚಟ ಬಿಡಲು ಸಲಹೆ ಬೇಕಾದವರಿಗೆ ಕೇಂದ್ರ ಸರ್ಕಾರದ ಉಚಿತ ಫೋನ್ ಇದೆ: 1800-11-2356.

ಕಂಡಕ್ಟರ್ ‘ಎಲ್ಲಿಗೆ?’ ಅಂದಾಗ ಕೈಸನ್ನೆ ಮಾಡುವ ಪ್ರಯಾಣಿಕರೇ, ಬಾಯಿ ತುಂಬಿರುವಾಗ ಅದು ತಮಾಷೆ. ಬಾಯಿಯೇ ತೆರೆಯದ ದಿನ ಬಂದರೆ?