ವರದಾಂಬಿಕೆ

ವರದಾಂಬಿಕೆ 16ನೆಯ ಶತಮಾನದ ವಿಜಯನಗರ ಸಾಮ್ರಾಜ್ಯದ ರಾಣಿ. ತುಳುವ ವಂಶದ ಅರಸ ಅಚ್ಯುತದೇವರಾಯನ (ಆಳ್ವಿಕೆ 1529–1542) ಪಟ್ಟದರಸಿ ಹಾಗೂ ಒಂದನೆಯ ವೆಂಕಟನ ತಾಯಿ. ಶಾಸನಗಳಲ್ಲಿ ಈಕೆಯನ್ನು ವರದಾದೇವಿ ಅಮ್ಮನೆಂದು ಕರೆಯಲಾಗಿದೆ. 1542ರಲ್ಲಿ ಅಚ್ಯುತರಾಯನು ತೀರಿಕೊಂಡಾಗ ಮಗನು ಇನ್ನೂ ಅಪ್ರಾಪ್ತವಯಸ್ಕನಾಗಿದ್ದನು. ಅವನ ಪರವಾಗಿ ರಾಜ್ಯಭಾರ ನಡೆಸುವ ಅಧಿಕಾರವು ತಾಯಿಗೆ ದೊರೆಯದೆ ಸೋದರಮಾವ ಸಲಕರಾಜು ತಿರುಮಲನ ವಶವಾಯಿತು. ಮಗನ ಸಿಂಹಾಸನವನ್ನು ಉಳಿಸಲು ವರದಾಂಬಿಕೆಯು ಸ್ವಂತ ಅಣ್ಣತಮ್ಮಂದಿರ ವಿರುದ್ಧವೇ ಬಿಜಾಪುರದ ಸುಲ್ತಾನನ ನೆರವು ಕೋರಿದಳು. ಆ ಪ್ರಯತ್ನ ವಿಫಲವಾಗಿ ವೆಂಕಟನು ಕೊಲೆಯಾದನು. ಈ ಬಿಕ್ಕಟ್ಟಿನ ಕೊನೆಯಲ್ಲಿ ಅಳಿಯ ರಾಮರಾಯನು ಸಾಮ್ರಾಜ್ಯದ ನಿಜವಾದ ಒಡೆಯನಾದನು.

ಮನೆತನ

ವರದಾಂಬಿಕೆಯು ಸಲಕರಾಜು ಮನೆತನಕ್ಕೆ ಸೇರಿದವಳು. ಹಿರಿಯ (ಪೆದ್ದ) ತಿರುಮಲ ಮತ್ತು ಚಿಕ್ಕ (ಚಿನ್ನ) ತಿರುಮಲ ಈಕೆಯ ಸೋದರರು. 1529ರಲ್ಲಿ ಕೃಷ್ಣದೇವರಾಯನು ತೀರಿಕೊಂಡಾಗ ಅವನ ಮಲಸೋದರ ಅಚ್ಯುತನು ಚಂದ್ರಗಿರಿಯಲ್ಲಿದ್ದನು. ಕೃಷ್ಣದೇವರಾಯನ ಅಳಿಯ ರಾಮರಾಯನು ದಿವಂಗತ ಅರಸನ ಎಳೆಯ ಮಗನಿಗೆ ಪಟ್ಟಕಟ್ಟಲು ಯತ್ನಿಸಿದಾಗ, ಅಚ್ಯುತನು ರಾಜಧಾನಿಗೆ ಬರುವವರೆಗೆ ಸಿಂಹಾಸನವನ್ನು ಅವನಿಗಾಗಿ ಕಾದವರು ಸಲಕರಾಜು ಸೋದರರು. ಹೀಗಾಗಿ ಹೊಸ ಅರಸನ ಆಸ್ಥಾನದಲ್ಲಿ ರಾಣಿಯ ತವರು ಮನೆಯವರಿಗೆ ಮೊದಲಿನಿಂದಲೂ ಹೆಚ್ಚಿನ ಸ್ಥಾನವಿತ್ತು. ದಕ್ಷಿಣದಲ್ಲಿ ತಿರುವಾಂಕೂರಿನ ಅರಸನ ವಿರುದ್ಧ ನಡೆದ ದಂಡಯಾತ್ರೆಯಲ್ಲಿ ಅಚ್ಯುತರಾಯನು ಶ್ರೀರಂಗದಲ್ಲಿ ಉಳಿದು, ಸೇನೆಯ ಮುಂದಾಳತ್ವವನ್ನು ಸಲಕರಾಜನಿಗೆ ವಹಿಸಿದ್ದನು. ಆ ಕಾಲದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫರ್ನಾವೊ ನೂನಿಜ್, ಅರಸನು ತನ್ನ ಇಬ್ಬರು ಭಾವಮೈದುನರ ಹಿಡಿತದಲ್ಲಿದ್ದಾನೆಂದು ಬರೆದಿದ್ದಾನೆ.

ಪಟ್ಟದರಸಿಯಾಗಿ

ಅಚ್ಯುತರಾಯನ ಧಾರ್ಮಿಕ ದಾನಗಳಿಗೆ ಸಂಬಂಧಿಸಿದ ಶಾಸನಗಳಲ್ಲಿ ವರದಾಂಬಿಕೆಯ ಹೆಸರು ಬರುತ್ತದೆ. 1533ರಲ್ಲಿ ಅರಸನು ಕಾಂಚೀಪುರದಲ್ಲಿ ಮುತ್ತುಗಳಿಂದ ತುಲಾಭಾರ ಮಾಡಿಸಿದ ಸಂದರ್ಭದಲ್ಲಿ ವರದಾದೇವಿಯೂ ಕುಮಾರ ವೆಂಕಟಾದ್ರಿಯೂ ಜೊತೆಗಿದ್ದರು. ಮಗನನ್ನು ತಂದೆತಾಯಿಯರೊಂದಿಗೆ ಶಾಸನದಲ್ಲಿ ಹೆಸರಿಸಿರುವುದು ಅವನು ಚಿಕ್ಕಂದಿನಲ್ಲೇ ಉತ್ತರಾಧಿಕಾರಿಯೆಂದು ಗಣನೆಗೆ ಬಂದಿದ್ದನ್ನು ತೋರಿಸುತ್ತದೆ.

ರಾಣಿಯ ತವರಿನವರೂ ರಾಜಧಾನಿಯಲ್ಲಿ ದೇವಾಲಯ ಕಟ್ಟಿಸಿದರು. ಹಂಪಿಯಲ್ಲಿ ಇಂದು ಅಚ್ಯುತರಾಯ ದೇವಾಲಯವೆಂದು ಹೆಸರಾಗಿರುವ ತಿರುವೆಂಗಳನಾಥನ ಗುಡಿಯನ್ನು 1534ರಲ್ಲಿ ಕಟ್ಟಿಸಿದವನು ರಾಣಿಯ ಸೋದರ ಹಿರಿಯ ತಿರುಮಲರಾಜ.

ವರದಾಂಬಿಕಾ ಪರಿಣಯ

ಅಚ್ಯುತರಾಯ ಮತ್ತು ವರದಾಂಬಿಕೆಯ ವಿವಾಹವನ್ನು ವಸ್ತುವಾಗುಳ್ಳ ‘ವರದಾಂಬಿಕಾ ಪರಿಣಯ ಚಂಪೂ’ ಎಂಬ ಸಂಸ್ಕೃತ ಕಾವ್ಯವನ್ನು ಅದೇ ಆಸ್ಥಾನದ ಕವಯಿತ್ರಿ ತಿರುಮಲಾಂಬೆ ರಚಿಸಿದಳು. ಗದ್ಯ ಮತ್ತು ಪದ್ಯಗಳು ಬೆರೆತ ಈ ಕೃತಿಯು ಅಚ್ಯುತನ ತಂದೆ ನರಸನಾಯಕನ ವಿಜಯಗಳಿಂದ ತೊಡಗಿ, ಅಚ್ಯುತನ ಜನನ, ವರದಾಂಬಿಕೆಯೊಡನೆ ಅವನ ಪ್ರೇಮ ಹಾಗೂ ವಿವಾಹಗಳನ್ನು ವರ್ಣಿಸಿ, ಮಗ ವೆಂಕಟಾದ್ರಿಯ ಯೌವರಾಜ್ಯ ಪಟ್ಟಾಭಿಷೇಕದೊಂದಿಗೆ ಮುಕ್ತಾಯವಾಗುತ್ತದೆ. ಅತಿ ದೀರ್ಘವಾದ ಸಮಾಸಗಳಿಗೆ ಇದು ಹೆಸರಾಗಿದೆ. ತಂಜಾವೂರಿನ ಗ್ರಂಥಭಂಡಾರದಲ್ಲಿದ್ದ ಹಸ್ತಪ್ರತಿಯನ್ನು ವಿದ್ವಾಂಸ ಲಕ್ಷ್ಮಣ ಸರೂಪರು 20ನೆಯ ಶತಮಾನದಲ್ಲಿ ಸಂಪಾದಿಸಿ ಪ್ರಕಟಿಸಿದರು.

ಆಸ್ಥಾನ ಕಾವ್ಯವಾದುದರಿಂದ ಇದರಲ್ಲಿ ಅಲಂಕಾರ ಮತ್ತು ಪ್ರಶಂಸೆಗಳೇ ಹೆಚ್ಚು. ಆದರೂ ವೆಂಕಟಾದ್ರಿಯು ತಂದೆ ಬದುಕಿದ್ದಾಗಲೇ ಯುವರಾಜನಾಗಿದ್ದನೆಂಬ ಅಂಶವು ಮುಂದಿನ ಘಟನೆಗಳನ್ನು ಅರಿಯಲು ಮುಖ್ಯವಾಗಿದೆ. 1542ರಲ್ಲಿ ವಿವಾದವೆದ್ದದ್ದು ಯಾರು ಅರಸನಾಗಬೇಕೆಂಬುದಕ್ಕಿಂತಲೂ, ಬಾಲಕ ಅರಸನು ಯಾರ ವಶದಲ್ಲಿರಬೇಕೆಂಬ ವಿಷಯದಲ್ಲಿ.

ಉತ್ತರಾಧಿಕಾರದ ಬಿಕ್ಕಟ್ಟು

ಅಚ್ಯುತರಾಯನ ಮರಣಾನಂತರ ವೆಂಕಟನಿಗೆ ಪಟ್ಟವಾಯಿತು. ಸಲಕರಾಜು ತಿರುಮಲನು ರಾಜಪ್ರತಿನಿಧಿಯಾಗಿ ಆಡಳಿತವನ್ನು ಕೈಗೆ ತೆಗೆದುಕೊಂಡನು. ಪೋರ್ಚುಗೀಸ್ ಇತಿಹಾಸಕಾರ ಗಾಸ್ಪರ್ ಕೊರೆಯಾ ಹೇಳುವಂತೆ, ಬಾಲಕನನ್ನು ಬಂಧುವಿನ ಹಿಡಿತದಿಂದ ಬಿಡಿಸಿ ಆಡಳಿತಕ್ಕೆ ಇಬ್ಬರು ಮಂತ್ರಿಗಳನ್ನು ನೇಮಿಸಬೇಕೆಂದು ರಾಜ್ಯದ ಪ್ರಮುಖರು ಬಯಸಿದರು. ಅದಕ್ಕೆ ಒಪ್ಪಿಗೆ ದೊರೆಯದಿದ್ದಾಗ ಅವರು ತಮ್ಮ ತಮ್ಮ ಪ್ರಾಂತ್ಯಗಳಿಗೆ ಹಿಂದಿರುಗಿ ಸ್ವತಂತ್ರರಂತೆ ವರ್ತಿಸತೊಡಗಿದರು.

ಸೋದರನ ಉದ್ದೇಶವನ್ನು ಶಂಕಿಸಿದ ವರದಾಂಬಿಕೆಗೆ ರಾಜಧಾನಿಯೊಳಗೆ ಬೆಂಬಲ ಉಳಿಯಲಿಲ್ಲ. ಆಕೆ ಬಿಜಾಪುರದ ಒಂದನೆಯ ಇಬ್ರಾಹಿಂ ಆದಿಲ್‌ಶಾಹನಿಗೆ ದೂತರನ್ನು ಕಳುಹಿಸಿ, ಮಗನಿಗೆ ರಾಜ್ಯವನ್ನು ಉಳಿಸಿಕೊಟ್ಟರೆ ಅಪಾರ ಧನ ನೀಡುವುದಾಗಿ ತಿಳಿಸಿದಳು. ಸುಲ್ತಾನನು ವಿಜಯನಗರದತ್ತ ಹೊರಟನು. ಆದರೆ ಮಾರ್ಗಮಧ್ಯದಲ್ಲಿ ತಿರುಮಲನ ಕಡೆಯವರು ಹೇರಳ ಕಾಣಿಕೆಗಳೊಂದಿಗೆ ಅವನನ್ನು ಎದುರುಗೊಂಡು ಹಿಂದಕ್ಕೆ ಕಳುಹಿಸಿದರು. ರಾಣಿಯು ಹಣದ ಆಶ್ವಾಸನೆ ನೀಡಬಲ್ಲವಳಾಗಿದ್ದಳೇ ಹೊರತು ಬೊಕ್ಕಸವು ಆಕೆಯ ಕೈಯಲ್ಲಿರಲಿಲ್ಲ. ಅದು ರಾಜಪ್ರತಿನಿಧಿಯ ವಶದಲ್ಲಿತ್ತು.

ಈ ನಡುವೆ ರಾಮರಾಯನು ಗುತ್ತಿಯ ಕೋಟೆಯಲ್ಲಿ ಸೆರೆಯಲ್ಲಿದ್ದ ಅಚ್ಯುತನ ಸೋದರನ ಮಗ ಸದಾಶಿವನನ್ನು ಬಿಡಿಸಿ ಅರಸನೆಂದು ಸಾರಿದನು. ಆತನೂ ಆದಿಲ್‌ಶಾಹನ ನೆರವನ್ನೇ ಕೋರಿದನು. ಹೊರಗಿನ ದಾಳಿಗೆ ಹೆದರಿದ ರಾಜಧಾನಿಯು ತಿರುಮಲನಿಗೆ ಪೂರ್ಣ ಅಧಿಕಾರ ನೀಡಿತು. ಬಿಜಾಪುರದ ಸೇನೆಯನ್ನು ಹಿಮ್ಮೆಟ್ಟಿಸಿದ ಬಳಿಕ ತಿರುಮಲನು ತಂಗಿಯ ಮಗನಾದ ವೆಂಕಟನನ್ನೂ ರಾಜವಂಶದ ಇತರರನ್ನೂ ಕೊಲ್ಲಿಸಿ ತಾನೇ ಸಿಂಹಾಸನವನ್ನೇರಿದನು. ಪೆನುಕೊಂಡೆಯನ್ನು ವಶಪಡಿಸಿಕೊಂಡು ರಾಜಧಾನಿಯತ್ತ ಸಾಗಿದ ರಾಮರಾಯನ ಪಕ್ಷದವರು ತಿರುಮಲನನ್ನು ಸೋಲಿಸಿ ಕೊಂದರು. 1543ರಲ್ಲಿ ಸದಾಶಿವರಾಯನಿಗೆ ಪಟ್ಟವಾಯಿತು.

ಪರಿಣಾಮ

ಸದಾಶಿವರಾಯನು ಹೆಸರಿಗಷ್ಟೇ ಅರಸನಾಗಿದ್ದು, ಅಧಿಕಾರವೆಲ್ಲ ರಾಮರಾಯನಲ್ಲಿತ್ತು. ಒಂದು ಪಕ್ಷವು ತನ್ನ ಒಳಜಗಳಕ್ಕೆ ನೆರೆಯ ಸುಲ್ತಾನನನ್ನು ಕರೆಯುವ ರೂಢಿ ಈ ವರ್ಷಗಳಲ್ಲಿ ಬಲವಾಯಿತು. ಮುಂದೆ ರಾಮರಾಯನು ದಖ್ಖನಿನ ಸುಲ್ತಾನರ ಪರಸ್ಪರ ಕಲಹಗಳಲ್ಲಿ ತಾನೂ ಕೈಹಾಕಿದನು. ಅದು 1565ರಲ್ಲಿ ಅವರ ಒಕ್ಕೂಟಕ್ಕೂ ರಕ್ಕಸತಂಗಡಿ (ತಾಳಿಕೋಟೆ) ಯುದ್ಧಕ್ಕೂ ಕಾರಣಗಳಲ್ಲೊಂದಾಯಿತು.

ಅದೇ ಶತಮಾನದಲ್ಲಿ ಬೇರೆಡೆ ರಾಜಮನೆತನದ ಸ್ತ್ರೀಯರು ಆಡಳಿತ ನಡೆಸಿದ ನಿದರ್ಶನಗಳಿವೆ. ಫ್ರಾನ್ಸಿನಲ್ಲಿ ಕ್ಯಾಥರೀನ್ ಡಿ ಮೆಡಿಚಿ 1560ರಲ್ಲಿ ಬಾಲಕ ಒಂಬತ್ತನೆಯ ಚಾರ್ಲ್ಸನ ಪರವಾಗಿ ಅಧಿಕಾರ ವಹಿಸಿಕೊಂಡಳು. ಬಿಜಾಪುರದಲ್ಲಿ 1580ರ ನಂತರ ಚಾಂದಬೀಬಿಯು ಒಂಬತ್ತು ವರ್ಷದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಪಾಲಕಿಯಾದಳು. ವರದಾಂಬಿಕೆಯು ಬಯಸಿದ ಸ್ಥಾನವೂ ಇಂಥದೇ ಆಗಿತ್ತು.

ಆಕರಗಳಲ್ಲಿನ ಭಿನ್ನತೆ

ಈ ಘಟನೆಗಳ ವಿವರಗಳು ಪರಸ್ಪರ ಹೊಂದುವುದಿಲ್ಲ. ಕೊರೆಯಾನು ಬಾಲಕನನ್ನು ವಶದಲ್ಲಿಟ್ಟುಕೊಂಡಿದ್ದವನನ್ನು ಮೃತ ಅರಸನ ಸೋದರನೆಂದು ಕರೆದರೆ, ಆಧುನಿಕ ಇತಿಹಾಸಕಾರರು ಅವನನ್ನು ರಾಣಿಯ ಸೋದರ ಸಲಕರಾಜು ತಿರುಮಲನೆಂದು ಗುರುತಿಸುತ್ತಾರೆ. ಬಿಜಾಪುರದ ಆಸ್ಥಾನದಲ್ಲಿ ಬರೆದ ಫೆರಿಶ್ತಾನು ತಿರುಮಲನನ್ನು ಮತಿಗೆಟ್ಟವನಂತೆ ಚಿತ್ರಿಸಿ, ಸೋಲು ಖಚಿತವಾದಾಗ ಆತ್ಮಹತ್ಯೆ ಮಾಡಿಕೊಂಡನೆನ್ನುತ್ತಾನೆ. ಈ ವೃತ್ತಾಂತಗಳನ್ನು ರಾಬರ್ಟ್ ಸೀವೆಲ್ 1900ರಲ್ಲಿ ಪ್ರಕಟವಾದ ತನ್ನ ವಿಜಯನಗರ ಚರಿತ್ರೆಯಲ್ಲಿ ಹೋಲಿಸಿ ನೋಡಿದ್ದಾನೆ.

ಸ್ಮಾರಕಗಳು

ವಿಜಯನಗರದ ಒಂದು ಉಪನಗರಕ್ಕೆ ರಾಣಿಯ ಹೆಸರಿನಲ್ಲಿ ‘ವರದಾದೇವಿ ಅಮ್ಮನ ಪಟ್ಟಣ’ ಎಂಬ ಹೆಸರಿತ್ತು. ಇಂದಿನ ವಿಜಯನಗರ ಜಿಲ್ಲೆಯ ಹೊಸಪೇಟೆ ತಾಲೂಕಿನ ಕಮಲಾಪುರದ ಬಳಿ ಇರುವ ಪಟ್ಟಾಭಿರಾಮ ದೇವಾಲಯವು ಈ ಉಪನಗರದ ಮುಖ್ಯ ದೇವಾಲಯವಾಗಿತ್ತು. ವಿಶಾಲವಾದ ಪ್ರಾಕಾರ ಮತ್ತು ಕಂಬಗಳ ಮಂಟಪವುಳ್ಳ ಈ ದೇವಾಲಯ ಹಂಪಿಯ ದೊಡ್ಡ ದೇವಾಲಯ ಸಂಕೀರ್ಣಗಳಲ್ಲೊಂದು. ತಿರುಮಲೆಯ ವೆಂಕಟೇಶ್ವರ ದೇವಾಲಯದ ಮಹಾದ್ವಾರವನ್ನು ದಾಟಿದೊಡನೆ ಸಿಗುವ ಮಂಟಪದಲ್ಲಿ, ಕೃಷ್ಣದೇವರಾಯ ಮತ್ತು ಅವನ ರಾಣಿಯರ ಪ್ರತಿಮೆಗಳಂತೆಯೇ, ಅಚ್ಯುತರಾಯ ಮತ್ತು ವರದಾಂಬಿಕೆಯ ಶಿಲಾಪ್ರತಿಮೆಗಳೂ ಇವೆ.