ಕೇಳಿದ್ದನ್ನು ಕಂಡು ಗುರುತಿಸುವ ಡಾಲ್ಫಿನ್

ಕಾರವಾರದ ಕಾಳಿ ಅಳಿವೆಯ ಮಬ್ಬು ನೀರಿನಲ್ಲಿ ಬದುಕುವ ಗೂನುಬೆನ್ನಿನ ಡಾಲ್ಫಿನ್‌ಗೆ ಕಣ್ಣು ನೆಪಕ್ಕೆ ಮಾತ್ರ, ಅದು ಕಿವಿಯಿಂದಲೇ ನೋಡುತ್ತದೆ ಎಂಬ ಮಾತು ಜನಪ್ರಿಯ. ನನಗೆ ಅದು ಅರ್ಧಸತ್ಯವೆನಿಸುತ್ತದೆ. 1960ರ ಸುಮಾರಿಗೆ ಅಮೆರಿಕದ ಕೆನೆತ್ ನಾರಿಸ್ ಡಾಲ್ಫಿನ್ ಒಂದರ ಕಣ್ಣುಗಳಿಗೆ ರಬ್ಬರ್ ಮುಚ್ಚಳ ಅಂಟಿಸಿದರು. ಆದರೂ ಅದು ಅಡೆತಡೆ ತಪ್ಪಿಸಿಕೊಂಡು ಈಜಿತು. ಕಣ್ಣಿಲ್ಲದೆಯೂ ತಾನೇ ಹೊರಡಿಸಿದ ಶಬ್ದದ ಪ್ರತಿಧ್ವನಿಯಿಂದ ದಾರಿ ಸಿಗುತ್ತದೆಂದು ಇದರಿಂದ ಗೊತ್ತಾಯಿತೇ ಹೊರತು, ಕಣ್ಣು ಬೇಡವೆಂದಲ್ಲ.

ನೀರಿನಲ್ಲಿ ನಮಗೆ ಎಲ್ಲವೂ ಮಸುಕು. ಕಣ್ಣಿನ ಹೊರಪದರವಾದ ಕಾರ್ನಿಯಾ ಬೆಳಕನ್ನು ಬಾಗಿಸುವುದು ಗಾಳಿಯಿಂದ ಬಂದಾಗ. ನೀರಿನಲ್ಲಿ ಆ ಶಕ್ತಿ ಬಹುಪಾಲು ಹೋಗುತ್ತದೆ. ಡಾಲ್ಫಿನ್ ಈ ಕೊರತೆಯನ್ನು ಹೆಚ್ಚುಕಡಿಮೆ ಗುಂಡಗಿನ ಮಸೂರದಿಂದ ತುಂಬಿಕೊಂಡಿದೆ. ಬಣ್ಣದ ವಿಷಯದಲ್ಲಿ ಅದು ಬಡವ: ಬಣ್ಣ ಗುರುತಿಸುವ ಶಂಕುಕೋಶಗಳಲ್ಲಿ ಒಂದೇ ಬಗೆ. ಆದರೆ ಆಕಾರದಲ್ಲಿ ಹಾಗಲ್ಲ. ಜಪಾನಿನ ಮಸಾಕಿ ತೊಮೊನಾಗಾ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚಪ್ಪಟೆ ಆಕೃತಿಗಳನ್ನು ಡಾಲ್ಫಿನ್‌ಗಳು ಕಣ್ಣಿನಿಂದ ವಿಂಗಡಿಸಿದ ರೀತಿ ಚಿಂಪಾಂಜಿ ಮತ್ತು ಮನುಷ್ಯರ ರೀತಿಗೆ ಬಹಳ ಹತ್ತಿರವಿತ್ತು.

ಮಬ್ಬು ನೀರಿನಲ್ಲಿ ಈ ನೋಟದಿಂದೇನು ಲಾಭ ಎಂದು ಕೇಳಬಹುದು. ಗಂಗಾನದಿಯ ಸೂಸು ಡಾಲ್ಫಿನ್‌ನ ಕಣ್ಣಿಗೆ ಮಸೂರವೇ ಇಲ್ಲ. ಬೆಳಕು ಕತ್ತಲೆ ತಿಳಿದರೆ ಹೆಚ್ಚು. ಆದರೆ ನಮ್ಮ ಕರಾವಳಿಯ ಡಾಲ್ಫಿನ್ ಅಳಿವೆಯಾಚೆಯ ತಿಳಿನೀರಿಗೂ ಹೋಗುತ್ತದೆ, ತಲೆ ಎತ್ತಿ ನೀರಿನ ಮೇಲೂ ನೋಡುತ್ತದೆ. ಕಣ್ಣು ಉಳಿದದ್ದಕ್ಕೆ ಅದೇ ಕಾರಣವೆಂದು ತರ್ಕಿಸಬಹುದು. ಇನ್ನೂ ಮುಖ್ಯವಾದ ಸಾಕ್ಷ್ಯ ಹವಾಯಿಯದು. 1995ರಲ್ಲಿ ಆಡಮ್ ಪ್ಯಾಕ್ ಮತ್ತು ಲೂಯಿಸ್ ಹರ್ಮನ್ ವರದಿ ಮಾಡಿದ ಪ್ರಯೋಗದಲ್ಲಿ, ಶಬ್ದ ಹಾಯುವ ಆದರೆ ಒಳಗಿನದು ಕಣ್ಣಿಗೆ ಕಾಣದ ಪೆಟ್ಟಿಗೆಯಲ್ಲಿ ವಸ್ತುವನ್ನಿಟ್ಟರು. ಎಲೆಲೆ ಎಂಬ ಡಾಲ್ಫಿನ್ ಅದನ್ನು ಪ್ರತಿಧ್ವನಿಯಿಂದ ಪರೀಕ್ಷಿಸಿ, ಆಮೇಲೆ ಅಂಥದ್ದೇ ವಸ್ತುವನ್ನು ಬರೀ ನೋಟದಿಂದ ಆರಿಸಿತು. ತರಬೇತಿಯ ಫಲವಿರಬಹುದು ಎನ್ನುವ ಆಕ್ಷೇಪ ಇಲ್ಲಿ ನಿಲ್ಲದು, ಏಕೆಂದರೆ ಹೊಸ ವಸ್ತುಜೋಡಿಗಳಲ್ಲೂ ಬಹುತೇಕ ಮೊದಲ ಯತ್ನದಲ್ಲೇ ಸರಿಯುತ್ತರ ಬರುತ್ತಿತ್ತು. ಕಿವಿಗೆ ಸಿಕ್ಕ ವಸ್ತುವೂ ಕಣ್ಣಿಗೆ ಸಿಕ್ಕ ವಸ್ತುವೂ ಅದರ ಮಿದುಳಿನಲ್ಲಿ ಒಂದೇ ಎಂದು ಇದು ಸೂಚಿಸುತ್ತದೆ.

ಹಾಗಾದರೆ ಡಾಲ್ಫಿನ್ ಮೀನುಗಾರರ ಬಲೆಗೆ ಬೀಳುವುದೇಕೆ? ತೆಳು ನೈಲಾನ್ ಎಳೆಯ ಪ್ರತಿಧ್ವನಿ ಕ್ಷೀಣ, ಮಬ್ಬಿನಲ್ಲಿ ಎಳೆ ಕಣ್ಣಿಗೂ ಕಾಣದು. ಮೇಲಾಗಿ ಡಾಲ್ಫಿನ್ ಸದಾ ಶಬ್ದ ಹೊರಡಿಸುತ್ತಲೇ ಇರುವುದಿಲ್ಲ. ದೋಷ ಅದರ ಇಂದ್ರಿಯಗಳದ್ದಲ್ಲ, ಎರಡಕ್ಕೂ ಸುಳಿವು ಕೊಡದ ಬಲೆಯದು.