ಮೇಜಿನ ಮೇಲಿನ ರಣರಂಗ

ಬೆರಳುದ್ದದ ಸೈನಿಕರನ್ನು ಎರಕ ಹೊಯ್ದು, ಕೂದಲೆಳೆಯಂಥ ಕುಂಚದಿಂದ ಕೋಟಿನ ಗುಂಡಿ, ಮುಖದ ಮೀಸೆಗಳನ್ನೂ ಬಿಡಿಸಿ ಹಳೆಯ ಕದನಗಳನ್ನು ಮೇಜಿನ ಮೇಲೆ ಮರುಸೃಷ್ಟಿಸುವುದು ಪಶ್ಚಿಮದಲ್ಲಿ ಬೆಳೆದು ಬಂದ ಕಲೆ. ಈ ಕಲೆಗಾರರಿಗೆ ಅಚ್ಚುಮೆಚ್ಚಿನ ಕದನಗಳಲ್ಲಿ ದಕ್ಷಿಣ ಆಫ್ರಿಕದ ರೋರ್ಕ್ಸ್ ಡ್ರಿಫ್ಟ್ ಒಂದು. 1879ರ ಜನವರಿ 22ರ ಸಂಜೆಯಿಂದ ರಾತ್ರಿಯಿಡೀ ಅಲ್ಲಿ ಸುಮಾರು 150 ಮಂದಿಯ ಬ್ರಿಟಿಷ್ ತುಕಡಿ ಮೂರು-ನಾಲ್ಕು ಸಾವಿರ ಜುಲು ಯೋಧರನ್ನು ತಡೆದು ನಿಲ್ಲಿಸಿತು.

ಒಳ್ಳೆಯ ಮಾದರಿಯೊಂದು ಇತಿಹಾಸದ ಪಾಠವೂ ಹೌದು. ಅಲ್ಲಿನ ಅಡ್ಡಗೋಡೆ ಮೆಕ್ಕೆಜೋಳದ ಮೂಟೆ, ಬಿಸ್ಕತ್ತಿನ ಪೆಟ್ಟಿಗೆಗಳದು. ಉಗ್ರಾಣವೇ ಕೋಟೆಯಾದದ್ದು ಹೀಗೆ. ಜುಲುಗಳ ತೊಗಲಿನ ಗುರಾಣಿಗೂ ಮನಬಂದ ಬಣ್ಣ ಬಳಿಯುವಂತಿಲ್ಲ. ದನದ ಚರ್ಮದ ಬಣ್ಣ ದಳದ ಗುರುತಾಗಿತ್ತು: ಸಾಮಾನ್ಯವಾಗಿ ಹಿರಿಯರದು ಬಿಳಿ, ಕಿರಿಯರದು ಕಪ್ಪು ಛಾಯೆ. ವಿವಾಹಿತರ ತಲೆಯ ಮೇಲೆ ಸಿಂಬಿಯಂಥ ಬಳೆ. ಕಲೆಗಾರನ ಶ್ರದ್ಧೆಯನ್ನು ಕೆಂಪು ಕೋಟಿಗಿಂತ ಇಲ್ಲಿ ಅಳೆಯಬೇಕು.

ಆದರೆ ಮಾದರಿ ಹಿಡಿಯುವುದು ಒಂದು ಕ್ಷಣವನ್ನು ಮಾತ್ರ. ಅದೇ ಹಗಲು ಸಮೀಪದ ಇಸಾಂಡ್ಲ್ವಾನದಲ್ಲಿ ಬ್ರಿಟಿಷ್ ಕಡೆಯ 1,300ಕ್ಕೂ ಹೆಚ್ಚು ಮಂದಿ ಜುಲುಗಳ ಕೈಯಲ್ಲಿ ಹತರಾಗಿದ್ದರು. ರೋರ್ಕ್ಸ್ ಡ್ರಿಫ್ಟ್‌ನ ರಕ್ಷಕರಿಗೆ 11 ವಿಕ್ಟೋರಿಯಾ ಕ್ರಾಸ್ ಪದಕಗಳು ಸಂದವು. ಮರುದಿನ ಬೆಳಿಗ್ಗೆ ಅಲ್ಲಿ ಗಾಯಗೊಂಡು ಬಿದ್ದಿದ್ದ ಜುಲುಗಳು ಕೊಲೆಯಾದರು. ಕುಂಚದ ಕೌಶಲಕ್ಕೆ ತಲೆದೂಗುವಾಗ ಆ ಬೆಳಗೂ ನೆನಪಿರಬೇಕು.